ಮಕ್ಕಳ ವಿದ್ಯಾಸಕ್ತಿ ಮತ್ತು ಮನೆಯ ಸಂಸ್ಕಾರ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಒಂದು ದೇವಾಲಯವು ನೂರು ವರ್ಷಗಳನ್ನು ಪೂರೈಸಿದೆಯೆಂದರೆ ನಾಲ್ಕು ತಲೆಮಾರುಗಳ ಪ್ರಾರ್ಥನೆಯೂ ಪರಿಶ್ರಮವೂ ಅದರ ಗೋಡೆಗಳಲ್ಲಿ ಸೇರಿಕೊಂಡಿವೆಯೆಂದೇ ಅರ್ಥ. ಇಂತಹ ಶುಭಸಂದರ್ಭದಲ್ಲಿ ನಮ್ಮನ್ನು ಕರೆದು ನಾಲ್ಕು ಮಾತುಗಳನ್ನಾಡಲು ಅವಕಾಶವಿತ್ತ ತಮಗೆಲ್ಲ ನಾವು ಕೃತಜ್ಞರಾಗಿದ್ದೇವೆ. ಕಳೆದ ನೂರು ವರ್ಷಗಳ ಸಾಧನೆಯನ್ನು ವಿವರಿಸುವ ಹೊಣೆಯನ್ನು ಅದನ್ನು ಬಲ್ಲ ಹಿರಿಯರಿಗೆ ವಹಿಸಲಾಗಿದೆ. ನಮಗೆ ವಹಿಸಿರುವುದು ಮುಂದಿನ ನೂರು ವರ್ಷಗಳ ಮಾತು. ಎಂದರೆ ಮಕ್ಕಳ ಮಾತು.

ಏಷ್ಯಾ ಖಂಡದ ವಿದ್ಯಾರ್ಥಿಗಳ ಆಸಕ್ತಿಯ ಮೇಲೂ ಯಶಸ್ಸಿನ ಮೇಲೂ ಸಂಸ್ಕೃತಿಯ ಪ್ರಭಾವವೆಷ್ಟು ಎಂಬುದನ್ನು ಕುರಿತು ಮಾತನಾಡಬೇಕೆಂದು ವ್ಯವಸ್ಥಾಪಕರು ಸೂಚಿಸಿದ್ದಾರೆ. ವಿಷಯ ದೊಡ್ಡದು, ಖಂಡವು ಅದಕ್ಕಿಂತಲೂ ದೊಡ್ಡದು. ನಾವು ಬಂದಿರುವುದಾದರೋ ಯಾದಗಿರಿ ತಾಲ್ಲೂಕಿನ ರಾಮಸಮುದ್ರದಿಂದ. ಆದಕಾರಣ ರಾಮಸಮುದ್ರದಿಂದಲೇ ಹೊರಟು, ಜಪಾನು, ಕೊರಿಯಾ, ಕೇರಳಗಳನ್ನು ಸುತ್ತಿ, ಮತ್ತೆ ರಾಮಸಮುದ್ರಕ್ಕೇ ಮರಳಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಸಂಗತಿ. ಆ ಊರಿನ ಒಬ್ಬ ಹುಡುಗ ಏಳನೆಯ ತರಗತಿಯಲ್ಲಿ ನಮ್ಮ ಬಳಿ ಗಣಿತ ಕಲಿಯುತ್ತಿದ್ದನು. ಪರೀಕ್ಷೆಯ ಮೇಲೆ ಪರೀಕ್ಷೆಯಲ್ಲಿ ನಪಾಸಾಗುತ್ತಿದ್ದನು. ದೀಪಾವಳಿ ಕಳೆದು ಊರಿನ ಅರ್ಧ ಜನ ಗುಳೆ ಹೊರಡುವ ಕಾಲ. ಹುಡುಗನ ತಂದೆ ಶಾಲೆಗೆ ಬಂದು, ತಲೆಯ ಮೇಲಿನ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದನು: “ಸರ, ಇವನಿಗಿ ಮುಂದ ಓದಸ್ಬೇಕೋ ಬ್ಯಾಡೋ, ನೀವೇ ಹೇಳ್ರಿ. ನಮಗೇನು ತಿಳಿತದ?” ನಾವು ಹಾಜರಿ ಪುಸ್ತಕದಿಂದ ಕಣ್ಣೆತ್ತದೆಯೇ ಉತ್ತರವಿತ್ತೆವು: “ನಿನ್ನ ಮಗಗ ಲೆಕ್ಕ ತೆಲಿಗಿ ಹತ್ತಂಗಿಲ್ಲಪ್ಪ. ಸುಮ್ಮನೆ ಯಾಕ ವರ್ಷ ಕಳಿತಿ?” ಆತನು ವಾದಿಸಲಿಲ್ಲ. “ಹಣಿಬರದಾಗ ಇರಬೇಕಲ್ರಿ” ಎಂದು ಕೈಮುಗಿದು ಹೊರಟುಹೋದನು. ಮರುವಾರ ಆ ಹುಡುಗನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬಿದ್ದಿತು. ಮುಂದೆ ಹೆಸರೇ ಇಲ್ಲವಾಯಿತು.

ಆ ಉತ್ತರವನ್ನಿತ್ತಾಗ ನಮಗೆ ತಪ್ಪು ಮಾಡಿದೆವೆಂದು ಅನಿಸಲಿಲ್ಲ. ಬಡವನೊಬ್ಬನಿಗೆ ಹಿತವನ್ನೇ ಹೇಳಿದೆವೆಂದು ಭಾವಿಸಿದ್ದೆವು. ಇಂದು ತಮ್ಮ ಮುಂದೆ ಆಡಲಿರುವ ಮಾತೆಲ್ಲವೂ ಆ ಒಂದು ಉತ್ತರದ ವಿಚಾರಣೆಯೆಂದು ತಾವು ತಿಳಿಯಬಹುದು.

ನಮ್ಮ ಸೀಮೆಯ ಸ್ಥಿತಿಯನ್ನು ತಾವು ಬಲ್ಲಿರಿ. ಯಾದಗಿರಿಯು 2009ರ ಕೊನೆಯಲ್ಲಿ ಬೇರೆ ಜಿಲ್ಲೆಯಾಯಿತು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದರೆ ಯಾದಗಿರಿಯದು ಶೇಕಡಾ 51.83, ಇದು ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲಿ ಕಟ್ಟಕಡೆಯದು. ಹೆಣ್ಣುಮಕ್ಕಳ ಲೆಕ್ಕವನ್ನೇ ಬೇರೆಯಾಗಿ ತೆಗೆದುಕೊಂಡರೆ ಶೇಕಡಾ 41.38. ಅದೇ ವರ್ಷ ದಕ್ಷಿಣ ಕನ್ನಡದ ಸಾಕ್ಷರತೆ ಶೇಕಡಾ 88.57 ಇದ್ದಿತು. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯ ನೂರು ಮಕ್ಕಳಲ್ಲಿ 94 ಮಂದಿ ತೇರ್ಗಡೆಯಾದರೆ, ಯಾದಗಿರಿಯಲ್ಲಿ ತೇರ್ಗಡೆಯಾದವರು ನೂರರಲ್ಲಿ 51ಕ್ಕೂ ಕಡಿಮೆ. ಒಂದೇ ರಾಜ್ಯ, ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. ಫಲಿತಾಂಶ ಮಾತ್ರ ಇಷ್ಟೊಂದು ಭಿನ್ನ.

ಫಲಿತಾಂಶ ಪ್ರಕಟವಾದ ದಿನ ಚಹದ ಅಂಗಡಿಯಲ್ಲಿ ಕೇಳಿಬರುವ ಮಾತು ಒಂದೇ: “ಅವರು ಬುದ್ಧಿವಂತರ ಜಿಲ್ಲೆಯವರು, ನಮ್ಮವರಿಗೆ ತಲೆಯಿಲ್ಲ.” ಖಂಡದ ಮಟ್ಟದಲ್ಲಿಯೂ ಇದೇ ಮಾತು ನಡೆಯುತ್ತದೆ. 15 ವರ್ಷ ವಯಸ್ಸಿನ ಮಕ್ಕಳಿಗಾಗಿ ಅನೇಕ ದೇಶಗಳಲ್ಲಿ ಏಕಕಾಲಕ್ಕೆ ನಡೆಯುವ ‘ಪೀಸಾ’ ಎಂಬ ಪರೀಕ್ಷೆಯುಂಟು. 2022ರ ಪರೀಕ್ಷೆಯಲ್ಲಿ ಗಣಿತದ ಮೊದಲ ಆರು ಸ್ಥಾನಗಳು ಸಿಂಗಪುರ, ಮಕಾವು, ತೈವಾನು, ಹಾಂಗ್‌ಕಾಂಗ್, ಜಪಾನು, ಕೊರಿಯಾಗಳಿಗೆ ದೊರೆತವು. ಅದನ್ನು ಓದಿದವರು, “ಅವರು ಹುಟ್ಟಾ ಜಾಣರು, ಅವರ ರಕ್ತದಲ್ಲಿಯೇ ಗಣಿತವಿದೆ” ಎಂದುಬಿಡುತ್ತಾರೆ. ಹೀಗೆ ಹೇಳಿದರೆ ಒಂದು ಅನುಕೂಲವುಂಟು: ನಾವು ಮಾಡಬೇಕಾದುದು ಏನೂ ಉಳಿಯುವುದಿಲ್ಲ.

ಈ ಮಾತು ನಿಜವೇ ಎಂದು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಸ್ಟೀವನ್ಸನ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಜಪಾನಿನ ಸೆಂಡೈ, ತೈವಾನಿನ ತೈಪೇ ಹಾಗೂ ಅಮೆರಿಕದ ಮಿನಿಯಾಪೊಲಿಸ್ ನಗರಗಳ ಒಂದನೆಯ ಮತ್ತು ಐದನೆಯ ತರಗತಿಗಳ ಮಕ್ಕಳನ್ನು ಕುರಿತು ಅಧ್ಯಯನ ನಡೆಸಿದರು. ತಾಯಂದಿರನ್ನೂ ಶಿಕ್ಷಕರನ್ನೂ ಕಂಡು ಮಾತನಾಡಿಸಿದರು. ತಮ್ಮ ಸಂಶೋಧನೆಯ ಸಾರವನ್ನು ಸ್ಟೀವನ್ಸನ್ ಮತ್ತು ಜೇಮ್ಸ್ ಸ್ಟಿಗ್ಲರ್ 1992ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರು ಕಂಡುದೇನು? ಗಣಿತದಲ್ಲಿ ಜಪಾನು, ತೈವಾನುಗಳ ಮಕ್ಕಳು ಬಹಳ ಮುಂದಿದ್ದರು. ಆದರೆ ಸಾಮಾನ್ಯ ಬುದ್ಧಿಶಕ್ತಿಯನ್ನು ಅಳೆದಾಗ ಮೂರೂ ನಾಡುಗಳ ಮಕ್ಕಳಲ್ಲಿ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಅಂತರವಿದ್ದುದು ಹಿರಿಯರ ನಂಬಿಕೆಯಲ್ಲಿ. ಮಗುವಿನ ಯಶಸ್ಸಿಗೆ ಕಾರಣವೇನೆಂದು ಕೇಳಿದಾಗ ಅಮೆರಿಕದ ತಾಯಂದಿರು ಹುಟ್ಟಿನಿಂದ ಬಂದ ಸಾಮರ್ಥ್ಯಕ್ಕೆ ಹೆಚ್ಚಿನ ತೂಕವನ್ನಿತ್ತರು. ಜಪಾನು, ತೈವಾನುಗಳ ತಾಯಂದಿರು ಪರಿಶ್ರಮಕ್ಕೆ ಹೆಚ್ಚಿನ ತೂಕವನ್ನಿತ್ತರು. ಇನ್ನೊಂದು ವಿಚಿತ್ರ: ಅಂಕಗಳಲ್ಲಿ ಹಿಂದುಳಿದಿದ್ದರೂ ತಮ್ಮ ಮಕ್ಕಳ ಓದಿನ ಬಗ್ಗೆ ಅತ್ಯಂತ ತೃಪ್ತರಾಗಿದ್ದವರು ಅಮೆರಿಕದ ತಾಯಂದಿರೇ ಆಗಿದ್ದರು.

ಇದರಲ್ಲಿ ನಮಗೆ ಪಾಠವುಂಟು. ಲೆಕ್ಕ ಬಾರದ ಮಗುವಿಗೆ ಒಂದು ಮನೆಯಲ್ಲಿ “ನಿನಗಿದು ಆಗದು” ಎನ್ನುತ್ತಾರೆ. ಇನ್ನೊಂದು ಮನೆಯಲ್ಲಿ “ಇನ್ನೊಮ್ಮೆ ಮಾಡು” ಎನ್ನುತ್ತಾರೆ. ಮೊದಲನೆಯ ಮಾತನ್ನು ಕೇಳಿದ ಮಗು ಪುಸ್ತಕವನ್ನು ಮುಚ್ಚುತ್ತದೆ. ಎರಡನೆಯದನ್ನು ಕೇಳಿದ ಮಗು ಬಳಪವನ್ನು ಮತ್ತೆ ಕೈಗೆತ್ತಿಕೊಳ್ಳುತ್ತದೆ. ವರ್ಷಕ್ಕೆ ಇನ್ನೂರು ಬಾರಿ, ಹತ್ತು ವರ್ಷಗಳ ಕಾಲ ಇದೇ ನಡೆದರೆ ಎರಡು ಮಕ್ಕಳ ನಡುವೆ ಏಳುವ ಅಂತರವನ್ನು ಲೋಕವು ‘ಬುದ್ಧಿ’ ಎಂದು ಕರೆಯುತ್ತದೆ.

ಈ ಎರಡು ಮಾತುಗಳೂ ನಮ್ಮ ಕನ್ನಡದಲ್ಲಿಯೇ ಇವೆ. “ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂದವರೂ ನಮ್ಮ ಹಿರಿಯರೇ. “ಹಾಡುತ್ತಾ ಹಾಡುತ್ತಾ ರಾಗ” ಎಂದವರೂ ನಮ್ಮ ಹಿರಿಯರೇ. ಮೊದಲನೆಯ ಗಾದೆ ಹುಟ್ಟುಗುಣವನ್ನು ಹೊಗಳುತ್ತದೆ, ಎರಡನೆಯದು ಅಭ್ಯಾಸವನ್ನು ಹೊಗಳುತ್ತದೆ. ಸಂಸ್ಕೃತಿಯೆಂದರೆ ಒಂದೇ ಬಣ್ಣದ ಬಟ್ಟೆಯಲ್ಲ. ಅದರಲ್ಲಿ ಎಲ್ಲ ಬಗೆಯ ನೂಲುಗಳೂ ಇರುತ್ತವೆ. ಮಗುವಿನ ಮುಂದೆ ಯಾವ ಗಾದೆಯನ್ನು ಆಡುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಹಾಗಾದರೆ ಒಳ್ಳೆಯ ಮಾತೊಂದೇ ಸಾಕೇ? ಸಾಲದು. ಇದಕ್ಕೆ ಕೊರಿಯಾ ದೇಶದ ನಿದರ್ಶನವನ್ನು ನೋಡೋಣ. ಅಲ್ಲಿ ಐನೂರು ವರ್ಷಗಳಿಗೂ ಮೀರಿದ ಕಾಲದಿಂದ ಕನ್ಫ್ಯೂಷಿಯಸನ ಬೋಧೆಯಂತೆ ವಿದ್ಯಾವಂತನಿಗೆ ಅಗ್ರಸ್ಥಾನವಿದ್ದಿತು. ನೆರೆಯ ಚೀನಾದಲ್ಲಿ ಏಳನೆಯ ಶತಮಾನದ ಆರಂಭದಿಂದ 1905ರವರೆಗೆ ಸರಕಾರಿ ಅಧಿಕಾರಿಗಳನ್ನು ಪರೀಕ್ಷೆಯ ಮೂಲಕ ಆರಿಸುವ ಪದ್ಧತಿ ನಡೆದುಬಂದಿತ್ತು. ಕೊರಿಯಾವೂ ಅದೇ ಪದ್ಧತಿಯನ್ನು ಅನುಸರಿಸಿತ್ತು. ಇಷ್ಟೆಲ್ಲ ಇದ್ದರೂ 1945ರಲ್ಲಿ ಜಪಾನಿನ ಆಳ್ವಿಕೆಯಿಂದ ಬಿಡುಗಡೆಯಾದಾಗ ಆ ದೇಶದ ವಯಸ್ಕರಲ್ಲಿ ಬಹುಪಾಲು ಜನ ಅನಕ್ಷರಸ್ಥರು! ವಿದ್ಯೆಯ ಮೇಲೆ ಗೌರವವಿದ್ದಿತು, ಶಾಲೆಯ ಬಾಗಿಲು ಮಾತ್ರ ಎಲ್ಲರಿಗೂ ತೆರೆದಿರಲಿಲ್ಲ. 1949ರಲ್ಲಿ ಅಲ್ಲಿ ಶಿಕ್ಷಣ ಕಾನೂನು ಬಂದಿತು. ಯುದ್ಧ ನಡೆದು ಊರುಗಳು ಉರಿದುಹೋದರೂ 1950ರ ದಶಕದಲ್ಲಿ ಪ್ರಾಥಮಿಕ ಶಾಲೆ ಎಲ್ಲ ಮಕ್ಕಳಿಗೂ ದೊರೆಯುವಂತಾಯಿತು. ಹಳೆಯ ಗೌರವ, ಹೊಸ ಬಾಗಿಲು ಎರಡೂ ಕೂಡಿದಾಗ ಒಂದೇ ತಲೆಮಾರಿನಲ್ಲಿ ದೇಶದ ಸ್ವರೂಪವೇ ಬದಲಾಯಿತು.

ಆ ಕಾಲದ ಕೊರಿಯಾದ ರೈತರು ಮಗನ ಕಾಲೇಜಿನ ಫೀಜಿಗಾಗಿ ಮನೆಯ ಎತ್ತನ್ನು ಮಾರುತ್ತಿದ್ದರು. ವಿದ್ವಾಂಸರ ಲೋಕವನ್ನು ‘ದಂತದ ಗೋಪುರ’ವೆಂದು ಕರೆಯುವ ರೂಢಿಯುಂಟಷ್ಟೆ. ಅಲ್ಲಿನ ಜನ ವಿಶ್ವವಿದ್ಯಾನಿಲಯಕ್ಕೆ ‘ಎತ್ತಿನ ಮೂಳೆಯ ಗೋಪುರ’ ಎಂದು ಹೆಸರಿಟ್ಟರು. ಎತ್ತೆಂದರೇನೆಂದು ಕಾರಹುಣ್ಣಿಮೆಯಲ್ಲಿ ಅದರ ಕೊಂಬಿಗೆ ಬಣ್ಣ ಬಳಿಯುವ ನಮ್ಮ ಜನಕ್ಕೆ ವಿವರಿಸಬೇಕಾಗಿಲ್ಲ. ಆ ಹೆಸರಿನಲ್ಲಿ ಹೆಮ್ಮೆಯೂ ಇದೆ, ನೋವೂ ಇದೆ.

ದೂರದ ದೇಶಗಳೇಕೆ, ನೆರೆಯ ಕೇರಳವನ್ನೇ ನೋಡಬಹುದು. 1817ರಷ್ಟು ಹಿಂದೆಯೇ ತಿರುವಾಂಕೂರಿನ ರಾಣಿ ಗೌರಿ ಪಾರ್ವತೀಬಾಯಿಯವರು ಪ್ರಜೆಗಳ ವಿದ್ಯಾಭ್ಯಾಸದ ವೆಚ್ಚವನ್ನು ರಾಜ್ಯವೇ ಭರಿಸಬೇಕೆಂದು ಆಜ್ಞಾಪಿಸಿದರು. 1864ರಲ್ಲಿ ಪೂಜ್ಯ ಚಾವರ ಕುರಿಯಾಕೋಸ್ ಎಲಿಯಾಸರು ಪ್ರತಿಯೊಂದು ಚರ್ಚಿನ ಜೊತೆಗೂ ಒಂದು ಶಾಲೆಯಿರಬೇಕೆಂದು ಕಟ್ಟಳೆ ಮಾಡಿದರು. ಅವರನ್ನು ಧರ್ಮಸಭೆಯು 2014ರಲ್ಲಿ ಸಂತರ ಪಂಕ್ತಿಗೆ ಸೇರಿಸಿತು. ಸಾಮಾನ್ಯ ಮಲೆಯಾಳಿಯ ಬಾಯಲ್ಲಿ ಇಂದಿಗೂ ಶಾಲೆಗೆ ‘ಪಳ್ಳಿಕ್ಕೂಡಂ’ ಎಂಬ ಮಾತು ಉಳಿದಿದೆ. ನಮ್ಮ ಕರಾವಳಿಯಲ್ಲಿ ಯೇಸುಸಭೆಯ ಗುರುಗಳು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ತೆರೆದುದು 1880ರಲ್ಲಿ. ಕಾರ್ಮೆಲ್ ಭಗಿನಿಯರು ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜನ್ನು ತೆರೆದುದು 1921ರಲ್ಲಿ. ಇಂದು ನಾವು ‘ಕರಾವಳಿಯ ಬುದ್ಧಿ’ ಎಂದು ಕರೆಯುವುದು ಸಮುದ್ರದ ಗಾಳಿಯಿಂದ ಬಂದುದಲ್ಲ. ನೂರು ನೂರೈವತ್ತು ವರ್ಷಗಳ ಕಾಲ ಶಾಲೆಯ ಗಂಟೆಯನ್ನು ಕೇಳುತ್ತ ಬೆಳೆದ ಮನೆಗಳ ಅಭ್ಯಾಸವದು. ಅಜ್ಜಿ ಓದಿದ ಮನೆಯಲ್ಲಿ ಮೊಮ್ಮಗಳು ಓದುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ನಮ್ಮಲ್ಲಿ ವಿದ್ಯೆಯ ಮೇಲೆ ಗೌರವವಿರಲಿಲ್ಲವೇ? ಸುರಪುರ ಸೀಮೆಯ ಮುದನೂರಿನಲ್ಲಿ ಹುಟ್ಟಿದ ದೇವರ ದಾಸಿಮಯ್ಯನವರು ನೇಕಾರರು. ಮಗ್ಗದ ಮುಂದೆ ಕುಳಿತ ಕೈಯಲ್ಲಿಯೇ ವಚನಗಳನ್ನು ರಚಿಸಿದವರು. ಅಂಬಿಗರು, ಮಡಿವಾಳರು, ಹೆಣ್ಣುಮಕ್ಕಳು ಎಲ್ಲರೂ ವಚನಕಾರರಾದ ನಾಡಿದು. ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಒಂದಕ್ಷರ ಬಾರದ ಹಿರಿಯರು ಏಕತಾರಿ ಹಿಡಿದು ಇರುಳಿಡೀ ಹಾಡುವುದನ್ನು ನಾವು ಕೇಳಿದ್ದೇವೆ. ಇಷ್ಟು ಪದಗಳನ್ನು ಎದೆಯಲ್ಲಿಟ್ಟುಕೊಂಡ ಜನಕ್ಕೆ ‘ತಲೆಗೆ ಹತ್ತುವುದಿಲ್ಲ’ ಎನ್ನಬಹುದೇ?

ನಮ್ಮಲ್ಲಿ ಕೊರತೆಯಾದುದು ಬಾಗಿಲು. ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲುಮಾರ್ಗವು 1871ರಲ್ಲಿಯೇ ರಾಯಚೂರಿನಲ್ಲಿ ಕೂಡಿ ಪೂರ್ಣಗೊಂಡಿತು. ಯಾದಗಿರಿಯು ಆ ಮಾರ್ಗದ ಮೇಲಿದೆ. ದುಡಿಯಲು ಹೊರಗೆ ಹೋಗುವ ದಾರಿ ನಮ್ಮ ಜನಕ್ಕೆ ಒಂದೂವರೆ ಶತಮಾನದ ಹಿಂದೆಯೇ ತೆರೆಯಿತು. ಓದಲು ಒಳಗೆ ಹೋಗುವ ದಾರಿ ಬಹಳ ತಡವಾಗಿ ತೆರೆಯಿತು. 1948ರ ಸೆಪ್ಟೆಂಬರ್ 17ರವರೆಗೆ ಈ ಪ್ರದೇಶವು ನಿಜಾಮರ ಆಳ್ವಿಕೆಯಲ್ಲಿದ್ದಿತು. ಮನೆಯಲ್ಲಿ ಕನ್ನಡ, ಗಡಿಯ ಊರುಗಳಲ್ಲಿ ತೆಲುಗು. ಕಚೇರಿಯಲ್ಲಿಯೂ ಮೇಲಿನ ಶಿಕ್ಷಣದಲ್ಲಿಯೂ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾ ಭಾಷೆಯೂ ಉರ್ದುವೇ ಆಗಿತ್ತು. ಉರ್ದು ಒಂದು ಸಂಪನ್ನ ಭಾಷೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಾಯಿಯ ಮಾತಿನಲ್ಲಿ ಪಾಠವಿಲ್ಲದ ಶಾಲೆಯು ಕನ್ನಡ ರೈತನ ಮಗುವಿಗೆ ಎಷ್ಟು ದೂರದ್ದಾಗಿದ್ದೀತು ಎಂಬುದನ್ನು ಊಹಿಸಬಹುದು. ಮಂಗಳೂರಿನ ಮಗು ಕಾಲೇಜಿನ ಮೆಟ್ಟಿಲೇರುತ್ತಿದ್ದ ಕಾಲದಲ್ಲಿ ರಾಮಸಮುದ್ರದಂತಹ ಊರುಗಳ ಮಗು ದನ ಕಾಯುತ್ತಿದ್ದುದು ಹಣೆಬರಹದಿಂದಲ್ಲ, ಇತಿಹಾಸದಿಂದ.

ಈಚಿನ ವರ್ಷಗಳಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದಿವೆಯೆಂಬುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಶಾಲೆಯಲ್ಲಿ ಬಿಸಿಯೂಟ ನೀಡುವ ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದುದೇ ನಮ್ಮ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ನೀಡುವ ಯೋಜನೆ ಬಂದು, ನೆರೆಯೂರಿನ ಪ್ರೌಢಶಾಲೆಗೆ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿದು ಹೋಗುವುದನ್ನು ಕಂಡೆವು. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕು ವರ್ಷದವರೆಗಿನ ಶಿಕ್ಷಣವು ಮಕ್ಕಳ ಹಕ್ಕಾಯಿತು. ಸಂವಿಧಾನಕ್ಕೆ 371(ಜೆ) ವಿಧಿ ಸೇರಿ, 2013ರಿಂದ ಈ ಪ್ರದೇಶದ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಸ್ಥಾನಗಳು ಮೀಸಲಾದವು. 2021ರ ಡಿಸೆಂಬರಿನಲ್ಲಿ ಯಾದಗಿರಿಯೂ ಸೇರಿದಂತೆ ಈ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆಗೆ ಮೊಟ್ಟೆ ಕೊಡುವುದೂ ಆರಂಭವಾಯಿತು.

ಆದರೆ ಒಂದು ಮಾತನ್ನು ಮನಗಾಣಬೇಕು. ವೈದ್ಯಕೀಯ ಕಾಲೇಜಿನಲ್ಲಿ ಮೀಸಲಾದ ಸ್ಥಾನವು ಅಲ್ಲಿಯವರೆಗೆ ತಲಪಿದವನಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಏಳನೆಯ ತರಗತಿಯಲ್ಲಿ ಬಿಟ್ಟುಹೋದ ಮಗುವಿಗೆ ಆ ಕುರ್ಚಿ ಖಾಲಿಯಿದ್ದರೂ ಒಂದೇ, ತುಂಬಿದ್ದರೂ ಒಂದೇ. ಏಳನೆಯ ತರಗತಿಯಿಂದ ಎಂಟನೆಯ ತರಗತಿಗೆ, ಎಂಟರಿಂದ ಹತ್ತಕ್ಕೆ ಮಗುವನ್ನು ದಾಟಿಸುವವರು ಸಂವಿಧಾನವಲ್ಲ. ಮನೆಯವರು, ಊರಿನವರು, ಗುರುಗಳು ದಾಟಿಸಬೇಕು.

ಮನೆಯವರನ್ನು ದೂಷಿಸಿ ಕೈತೊಳೆದುಕೊಳ್ಳುವ ಉದ್ದೇಶ ನಮಗಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ಮನೆಯ ಪುಟ್ಟ ಕೈಗಳೂ ಹೊಲಕ್ಕೆ ಹೋಗುವುದು ಲೋಭದಿಂದಲ್ಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಸಂಸಾರವೇ ಗುಳೆ ಹೋಗುವುದು ಮೋಜಿಗಲ್ಲ. ಅಂತಹ ತಂದೆಗೆ “ನಿನಗೆ ವಿದ್ಯೆಯ ಬೆಲೆ ಗೊತ್ತಿಲ್ಲ” ಎನ್ನುವುದು ಅನ್ಯಾಯ. ನಮ್ಮ ಬಳಿ ಬಂದ ಆ ತಂದೆಗೆ ಬೆಲೆ ಗೊತ್ತಿದ್ದುದರಿಂದಲೇ ಗುಳೆ ಹೊರಡುವ ಮುನ್ನ ಕೇಳಲು ಬಂದನು. ಬೆಲೆ ತಿಳಿಯದವರು ನಾವಾಗಿದ್ದೆವು.

ಇನ್ನೊಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಪರಿಶ್ರಮವನ್ನು ಹೊಗಳಿದ ನಾಡುಗಳು ಅದರ ಅತಿರೇಕವನ್ನೂ ಕಂಡಿವೆ. ಕೊರಿಯಾದಲ್ಲಿ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಮಕ್ಕಳು ಕಿವಿಗೊಟ್ಟು ಕೇಳಿ ಉತ್ತರಿಸುವ ಭಾಗ ನಡೆಯುವಾಗ ವಿಮಾನಗಳ ಹಾರಾಟವನ್ನೇ ತಡೆಯುತ್ತಾರೆ. ಇದು ವಿದ್ಯೆಗೆ ಸಲ್ಲಿಸುವ ಗೌರವವೆಂದು ಮೆಚ್ಚಬಹುದು. ಒಂದು ದಿನದ ಪರೀಕ್ಷೆಯ ಮೇಲೆ ಇಡೀ ಬಾಳನ್ನು ನಿಲ್ಲಿಸಿದ ಭಾರವೆಂದೂ ಮರುಗಬಹುದು. ಅದೇ ಸಿಯೋಲ್ ನಗರದಲ್ಲಿ ಖಾಸಗಿ ಟ್ಯೂಷನ್ ಕೇಂದ್ರಗಳು ರಾತ್ರಿ 10 ಗಂಟೆಗೆ ಮುಚ್ಚಬೇಕೆಂದು ನಿಯಮ ಮಾಡಬೇಕಾಯಿತು. ಚೀನಾ ಸರಕಾರವು 2021ರಲ್ಲಿ ಲಾಭಕ್ಕಾಗಿ ಶಾಲಾಪಾಠ ಹೇಳುವ ಟ್ಯೂಷನ್ ಉದ್ಯಮಕ್ಕೇ ಕಡಿವಾಣ ಹಾಕಿತು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044 ಎಂದು ಸರಕಾರದ ದಾಖಲೆ ಹೇಳುತ್ತದೆ. ಕಾರಣಗಳು ಹಲವು ಇರಬಹುದು. ಆದರೆ “ನೀನು ಸೋತರೆ ನಮಗೆ ಮುಖವಿಲ್ಲ” ಎಂಬ ಮಾತನ್ನು ಕೇಳಿ ಬೆಳೆದ ಮಗುವಿನ ಎದೆಯ ಭಾರವನ್ನು ನಾವೆಲ್ಲರೂ ನೆನೆಯಬೇಕು. “ನಿನಗೆ ಆಗದು” ಎಂಬುದು ಮಗುವನ್ನು ಒಂದು ಬಗೆಯಲ್ಲಿ ಕುಗ್ಗಿಸಿದರೆ, “ಆಗದಿದ್ದರೆ ನೀನು ನಮ್ಮ ಮಗುವೇ ಅಲ್ಲ” ಎಂಬುದು ಇನ್ನೊಂದು ಬಗೆಯಲ್ಲಿ ಕುಗ್ಗಿಸುತ್ತದೆ. ಇವೆರಡರ ನಡುವೆ “ಇನ್ನೊಮ್ಮೆ ಮಾಡು, ನಾವಿದ್ದೇವೆ” ಎಂಬ ಮಾತಿದೆ. ಆಸಕ್ತಿ ಚಿಗುರುವುದು ಅಲ್ಲಿ.

ಪ್ರಭು ಯೇಸುಕ್ರಿಸ್ತರು ಹೇಳಿದ ಸಾಮತಿಯೊಂದನ್ನು ತಾವೆಲ್ಲ ಬಲ್ಲಿರಿ. ಒಡೆಯನು ಸೇವಕರಿಗೆ ಅವರವರ ಶಕ್ತಿಗೆ ತಕ್ಕಂತೆ ಹಣವನ್ನು ಒಪ್ಪಿಸಿ ಹೋದನು. ಕಡಿಮೆ ಪಡೆದವನನ್ನು ಅವನು ಬೈದುದು ಕಡಿಮೆ ಇದ್ದುದಕ್ಕಲ್ಲ, ಅಂಜಿ ಮಣ್ಣಿನಲ್ಲಿ ಹೂತಿಟ್ಟುದಕ್ಕೆ. ಮಕ್ಕಳ ವಿಷಯದಲ್ಲಿ ಹೂತಿಡುವವರು ಹೆಚ್ಚಾಗಿ ಮಕ್ಕಳಲ್ಲ, ಹಿರಿಯರಾದ ನಾವು. ಲೂಕನ ಶುಭಸಂದೇಶದಲ್ಲಿ ಹನ್ನೆರಡು ವರ್ಷದ ಬಾಲ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಕೇಳುತ್ತಲೂ ಪ್ರಶ್ನಿಸುತ್ತಲೂ ಇದ್ದುದನ್ನು ಓದುತ್ತೇವೆ. ನಮ್ಮ ತರಗತಿಯಲ್ಲಿ ಪ್ರಶ್ನಿಸಿದ ಮಗುವಿಗೆ “ಬಾಯಿ ಮುಚ್ಚಿ ಕೂಡು” ಎಂದದ್ದು ಎಷ್ಟು ಬಾರಿಯೋ! ತಂದೆತಾಯಿಗಳೇ ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿದ್ದನ್ನೂ ಇಲ್ಲಿ ನೆನೆಯುವುದು ಉಚಿತ. ಅಕ್ಷರ ಬಲ್ಲ ತಂದೆತಾಯಿಗಳಿಗೆ ಮಾತ್ರ ಈ ಮಾತು ಎಂದು ಮಹಾಸಭೆ ಹೇಳಲಿಲ್ಲ.

ಹಾಗಾದರೆ ಈ ಧರ್ಮಕೇಂದ್ರದ ಕುಟುಂಬಗಳು ಏನು ಮಾಡಬಹುದು? ನಮ್ಮ ಅನುಭವಕ್ಕೆ ತೋಚಿದ ಕೆಲವು ವಿಷಯಗಳನ್ನು ವಿನಯದಿಂದ ಮುಂದಿಡುತ್ತೇವೆ.

ಮೊದಲನೆಯದಾಗಿ, ಪ್ರತಿ ಸಂಜೆ ಮನೆಯಲ್ಲಿ ಒಂದು ಗಂಟೆ ಮಗುವಿನದಾಗಿರಲಿ. ಜಪಸರದ ಪ್ರಾರ್ಥನೆಗೆ ಹೇಗೆ ಮನೆಯವರೆಲ್ಲ ಕೂಡುತ್ತೇವೆಯೋ ಹಾಗೆಯೇ ಅದು ಮುಗಿದ ಮೇಲೆ ಟೆಲಿವಿಷನ್ನನ್ನು ಆರಿಸಿ, ಮೊಬೈಲನ್ನು ಗೂಡಿನಲ್ಲಿಟ್ಟು, ಮಗುವಿನ ಬಳಿ ಒಬ್ಬ ಹಿರಿಯರು ಕುಳಿತಿರಲಿ. ಓದು ಬಾರದ ತಾಯಿಯೂ ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂಡಬಹುದು. “ಇವತ್ತು ಸಾಲ್ಯಾಗ ಏನ್ ಕಲ್ತಿ, ನನಗೂ ಹೇಳು” ಎಂದು ಕೇಳಬಹುದು. ತಾಯಿಗೆ ಪಾಠ ಹೇಳಿದ ಮಗು ಆ ಪಾಠವನ್ನು ಮರೆಯುವುದಿಲ್ಲ.

ಎರಡನೆಯದಾಗಿ, ಒಂದೇ ಕೋಣೆಯ ಮನೆಯಲ್ಲಿ ಓದಲು ಮೂಲೆಯಿಲ್ಲದ ಮಕ್ಕಳು ಎಷ್ಟೋ ಜನರಿದ್ದಾರೆ. ದೇವಾಲಯದ ಸಭಾಂಗಣವು ವಾರದ ಆರು ಸಂಜೆ ಬೀಗ ಹಾಕಿಕೊಂಡಿರುವ ಬದಲು ದೀಪ ಹಚ್ಚಿಕೊಂಡಿರಲಿ. ಯಾವ ಜಾತಿಯ, ಯಾವ ಧರ್ಮದ ಮಗುವಾದರೂ ಬಂದು ಕುಳಿತು ಓದಲಿ. ಕಾಲೇಜು ಕಲಿಯುವ ಯುವಕ ಯುವತಿಯರು ಸರದಿಯಂತೆ ಅವರ ಜೊತೆಗಿರಲಿ.

ಮೂರನೆಯದಾಗಿ, ಗುಳೆ ಹೋಗುವ ಸಂಸಾರಗಳ ಮಕ್ಕಳನ್ನು ನಾವು ಮೊದಲೇ ಗುರುತಿಸಬೇಕು. ಅವರಿಗಾಗಿ ಸರಕಾರದ ವಸತಿ ನಿಲಯಗಳ ಏರ್ಪಾಟೂ ಉಂಟು. ತಂದೆತಾಯಿಗಳು ಹೊರಡುವ ವಾರವೇ ಯಾರಾದರೊಬ್ಬರು ಹೋಗಿ, “ಮಗು ಇಲ್ಲಿರಲಿ, ಪರೀಕ್ಷೆ ಮುಗಿಯುವವರೆಗೆ ನೋಡಿಕೊಳ್ಳುತ್ತೇವೆ” ಎಂದರೆ ಒಂದು ವರ್ಷ ಉಳಿಯುತ್ತದೆ. ಒಂದು ವರ್ಷ ಉಳಿದರೆ ಹಲವೊಮ್ಮೆ ಒಂದು ಬಾಳೇ ಉಳಿಯುತ್ತದೆ.

ನಾಲ್ಕನೆಯದಾಗಿ, ಹೆಣ್ಣುಮಕ್ಕಳು. ನೂರರಲ್ಲಿ 59 ಮಂದಿ ಹೆಂಗಸರಿಗೆ ಅಕ್ಷರ ಬಾರದ ಜಿಲ್ಲೆ ನಮ್ಮದೆಂದು ಜನಗಣತಿ ಹೇಳಿತು. ಮಗಳು ಹತ್ತನೆಯ ತರಗತಿ ಮುಗಿಸುವ ಮುನ್ನ ಮದುವೆಯ ಮಾತೆತ್ತಿದ ಮನೆಗೆ ಹಿರಿಯರು ಹೋಗಿ ತಡೆಯುವುದು ದೊಡ್ಡ ಪುಣ್ಯ. ಇಂದಿನ ಮಗಳು ನಾಳೆ ಅಜ್ಜಿ. ಓದಿದ ಅಜ್ಜಿಯೊಬ್ಬಳನ್ನು ನಾವೀಗಲೇ ಸಿದ್ಧಪಡಿಸಬೇಕು.

ಕೊನೆಯದಾಗಿ, ನಮ್ಮ ವೃತ್ತಿಬಾಂಧವರಲ್ಲಿ ಒಂದು ಬಿನ್ನಹ. “ತಲೆಗೆ ಹತ್ತುವುದಿಲ್ಲ” ಎಂಬ ಮಾತನ್ನು ನಮ್ಮ ಬಾಯಿಂದ ತೆಗೆದುಹಾಕೋಣ. ಅದರ ಜಾಗದಲ್ಲಿ “ಇನ್ನೂ ಹತ್ತಿಲ್ಲ” ಎನ್ನೋಣ. ವ್ಯತ್ಯಾಸ ಒಂದೇ ಪದದ್ದು.

ಇನ್ನು ಆ ಹುಡುಗನ ಕಥೆ. ಕೆಲವು ವರ್ಷಗಳ ಹಿಂದೆ ಯುಗಾದಿಯ ಸಮಯದಲ್ಲಿ ರಾಮಸಮುದ್ರದ ಬಸ್ ನಿಲ್ಲುವ ಸ್ಥಳದಲ್ಲಿ ಒಬ್ಬಾತನು ಬಂದು ನಮ್ಮ ಕಾಲಿಗೆರಗಿದನು. ಗುರುತು ಹತ್ತಲಿಲ್ಲ. ಹೆಸರು ಹೇಳಿದಾಗ ಎದೆ ಧಸಕ್ಕೆಂದಿತು. ಬೆಂಗಳೂರಿನಲ್ಲಿ ಕಟ್ಟಡಗಳಿಗೆ ಕಬ್ಬಿಣ ಕಟ್ಟುವ ಕೆಲಸ. ಈಗ ಹತ್ತು ಜನರ ಮೇಸ್ತ್ರಿಯಾಗಿದ್ದನು. ಕಬ್ಬಿಣದ ಲೆಕ್ಕವನ್ನು ಹೇಗೆ ಮಾಡುತ್ತೀಯಪ್ಪಾ ಎಂದು ಕೇಳಿದೆವು. ಆತನು ನಗುತ್ತ ಹೇಳಿದನು: ಸರಳಿನ ದಪ್ಪ ಎಷ್ಟು ಮಿಲಿಮೀಟರೋ ಅದನ್ನು ಅದರಿಂದಲೇ ಗುಣಿಸಬೇಕು, ಬಂದುದನ್ನು 162ರಿಂದ ಭಾಗಿಸಬೇಕು, ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. 12 ಮಿಲಿಮೀಟರಿನ ಸರಳಾದರೆ 144ನ್ನು 162ರಿಂದ ಭಾಗಿಸು. ಮೀಟರಿಗೆ ಒಂದು ಕಿಲೋಗ್ರಾಮಿಗೆ ತುಸು ಕಡಿಮೆ, ಸುಮಾರು 890 ಗ್ರಾಂ. ಹನ್ನೆರಡು ಮೀಟರಿನ ಉದ್ದನೆಯ ಸರಳಿಗೆ ಹತ್ತೂವರೆ ಕಿಲೋಗ್ರಾಮಿಗಿಂತ ತುಸು ಹೆಚ್ಚು. ಕಾಗದವಿಲ್ಲ, ಪೆನ್ಸಿಲಿಲ್ಲ, ನಾವು ಮನಸ್ಸಿನಲ್ಲಿ ಗುಣಿಸಿ ಮುಗಿಸುವ ಮುನ್ನವೇ ಆತನ ಉತ್ತರ ಸಿದ್ಧವಾಗಿತ್ತು. ಇದೇ ವರ್ಗದ ಲೆಕ್ಕವನ್ನೇ ನಾವು ಏಳನೆಯ ತರಗತಿಯ ಕರಿಹಲಗೆಯ ಮೇಲೆ ಕಲಿಸಿದ್ದೆವು. ಅದು ಆತನ ತಲೆಗೆ ಹತ್ತುವುದಿಲ್ಲವೆಂದು ತೀರ್ಪಿತ್ತವರೂ ನಾವೇ.

ನಾವು ಕ್ಷಮೆ ಬೇಡಲು ಬಾಯಿ ತೆರೆದೆವು. ಆತನು ಅದಕ್ಕೆ ಎಡೆಗೊಡಲಿಲ್ಲ. ತನ್ನ ಮಗಳನ್ನು ಅಜ್ಜಿಯ ಬಳಿ ಊರಿನಲ್ಲಿಯೇ ಬಿಟ್ಟಿರುವುದಾಗಿಯೂ, ಆಕೆ ನಾಲ್ಕನೆಯ ತರಗತಿಯಲ್ಲಿರುವುದಾಗಿಯೂ ತಿಳಿಸಿ, ಕೊನೆಗೆ ಇಷ್ಟೇ ಹೇಳಿದನು: “ಸರ, ಆಕಿಗಿ ಭಾಗಾಕಾರ ಬರವಲ್ದು. ತೆಲಿಗಿ ಹತ್ತಂಗಿಲ್ಲ ಅಂತ ಮಾತ್ರ ಅನಬ್ಯಾಡ್ರಿ. ಇನ್ನೊಮ್ಮಿ ಹೇಳ್ಕೊಡ್ರಿ, ಸಾಕು.”

ಆ ಬೇಸಿಗೆಯ ರಜೆಯಲ್ಲಿ ಆ ಮಗುವಿಗೆ ಭಾಗಾಕಾರವನ್ನು ಹೇಳಿಕೊಟ್ಟೆವು. ಒಮ್ಮೆಗೆ ಬರಲಿಲ್ಲ. ಎರಡನೆಯ ಬಾರಿಗೂ ಬರಲಿಲ್ಲ. ಎಷ್ಟನೆಯ ಬಾರಿಗೆ ಬಂದಿತೆಂಬುದನ್ನು ನಾವು ಎಣಿಸಲಿಲ್ಲ, ಬಂದಿತು.

ಜಪಾನಿನ ತಾಯಂದಿರ ಗುಟ್ಟು, ಕೊರಿಯಾದ ರೈತರ ಗುಟ್ಟು, ಸಂತ ಚಾವರರ ಕಟ್ಟಳೆಯ ಗುಟ್ಟು ಎಲ್ಲವೂ ಆ ತಂದೆಯ ಒಂದು ಮಾತಿನಲ್ಲಿದೆ ಎಂದು ನಾವು ನಂಬಿದ್ದೇವೆ. ಈ ದೇವಾಲಯದ ಎರಡನೆಯ ಶತಮಾನದಲ್ಲಿ ಹುಟ್ಟುವ ಯಾವ ಮಗುವೂ, ಅದು ಯಾರ ಮನೆಯದೇ ಆಗಿರಲಿ, “ನಿನಗೆ ಆಗದು” ಎಂಬ ಮಾತನ್ನು ಕೇಳದಿರಲಿ. “ಇನ್ನೊಮ್ಮೆ” ಎಂಬ ಮಾತನ್ನು ಸಾವಿರ ಬಾರಿ ಕೇಳಲಿ ಎಂದು ಪರಮದಯಾಳುವಾದ ದೇವರಲ್ಲಿ ಪ್ರಾರ್ಥಿಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.